ಪದಚರ್ಚೆ: ನಾಯಿಯ ‘ರಕ್ತದಾಗ ಜಂತು’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ. ಬೀದರ್ ಜಿಲ್ಲೆಯಲ್ಲಿ ನಾಯಿ ಸಾಕುವವರಿಗೆ ಹಂಚಲು, ಉಣ್ಣಿ ಕಚ್ಚಿ ಬರುವ ಬಬೇಸಿಯಾ ರೋಗದ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ‘ಜಂತು’ ಎಂಬ ಪದದ ಹತ್ತಿರ ಬಂದು ನಿಂತಿದ್ದೇನೆ.

ನಾಯಿಯ ರಕ್ತದ ಸ್ಲೈಡ್ ನೋಡಿದ ಮೇಲೆ ಡಾಕ್ಟರು ‘ರಕ್ತದಾಗ ಜಂತು ಅದಾವ’ ಎಂದರೆ, ಕೇಳಿದವರು ಸೀದಾ ಮೆಡಿಕಲ್‌ಗೆ ಹೋಗಿ ಜಂತಿನ ಗುಳಿಗೆ ತರುತ್ತಾರೆ. ಅವರದ್ದೇನೂ ತಪ್ಪಿಲ್ಲ. ನಮ್ಮ ಮಾತಲ್ಲಿ ಜಂತು ಅಂದರೆ ಹೊಟ್ಟೆಹುಳು. ಆದರೆ ಬಬೇಸಿಯಾ ಹುಳುವೇ ಅಲ್ಲ. ಅದು ಕೆಂಪು ರಕ್ತಕಣದೊಳಗೆ ಕೂತು, ಅದನ್ನು ಒಡೆದು ಹೊರಬರುವ ಏಕಕೋಶ ಜೀವಿ. ಜಂತಿನ ಗುಳಿಗೆಗೆ ಅದು ಬಗ್ಗುವುದಿಲ್ಲ. ಅಷ್ಟರಲ್ಲಿ ಜ್ವರ ಏರಿ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಕೊಕ್ಕೆಹುಳು ಜಾಸ್ತಿಯಾದರೂ ಒಸಡು ಬಿಳಿಚಿಕೊಳ್ಳುತ್ತದೆ, ಬಬೇಸಿಯಾದಲ್ಲೂ ಅಷ್ಟೇ. ಹೊರಗಿನಿಂದ ನೋಡಿ ಹೇಳಲಾಗದು. ಕೊಕ್ಕೆಹುಳುವಿನ ಮೊಟ್ಟೆ ಮಲಪರೀಕ್ಷೆಯಲ್ಲಿ ಸಿಗುತ್ತದೆ. ಬಬೇಸಿಯಾಕ್ಕೆ ಕಿವಿಯಂಚು ಚುಚ್ಚಿ ಒಂದು ಹನಿ ರಕ್ತ ಗಾಜಿನ ಮೇಲೆ ಇಟ್ಟು, ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆಯುತ್ತಾರೆ. ಒಣಗಿಸಿ, ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದ ನೂರರ ಲೆನ್ಸಿನಲ್ಲಿ ನೋಡುತ್ತಾರೆ. ರಕ್ತ ತೆಳುವಾಗಿ ಮುಗಿಯುವ ಅಂಚನ್ನು ಬಿಡದೆ ಹುಡುಕಬೇಕು. ದೊಡ್ಡ ಜಾತಿಯ ಬಬೇಸಿಯಾ ಆದರೆ ಒಂದು ಕಣದಲ್ಲಿ ಹನಿಯಾಕಾರದ ಜೋಡಿ ಕಾಣುತ್ತದೆ. 1910ರಲ್ಲಿ ಮದ್ರಾಸಿನ ಬೇಟೆನಾಯಿಗಳಲ್ಲಿ ಗುರುತಿಸಿದ ಗಿಬ್ಸೋನಿ ಎಂಬ ಸಣ್ಣ ಜಾತಿಯದ್ದು ಬರೀ ಸಣ್ಣ ಉಂಗುರ. ಸ್ಲೈಡಿನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲ ಅಂತಲ್ಲ, ಆಗ ರಕ್ತದಲ್ಲಿ ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಕಾಗುತ್ತದೆ.

‘ರಕ್ತದ ಹುಳು’ ಅನ್ನೋಣ ಅಂದರೆ ಅದೂ ಆಗುವುದಿಲ್ಲ. ಸೊಳ್ಳೆಯಿಂದ ಬರುವ ಮೈಕ್ರೋಫೈಲೇರಿಯಾ ನಿಜವಾಗಿಯೂ ಹುಳುವಿನ ಮರಿ. ರಕ್ತದಲ್ಲಿ, ಕಣಗಳ ನಡುವೆ ಹೊರಳಾಡುತ್ತಿರುತ್ತದೆ. ಆ ಹೆಸರು ಅದಕ್ಕೇ ಇರಲಿ. ‘ಪರೋಪಜೀವಿ’ ಶಾಲೆ ಪುಸ್ತಕದಲ್ಲಿ ಸರಿ, ಮನೆಯಲ್ಲಿ ಯಾರೂ ಆಡುವುದಿಲ್ಲ.

ನನಗೆ ಹತ್ತಿರ ಅನಿಸಿದ್ದು ‘ಉಣ್ಣಿ ಜ್ವರ’. ರೋಗ ಎಲ್ಲಿಂದ ಬಂತು ಅನ್ನುವುದು ಹೆಸರಲ್ಲೇ ಇದೆ, ಅಲ್ವಾ? ಆದರೆ ಅದೇ ಉಣ್ಣಿ ಎರ್ಲಿಕಿಯಾವನ್ನೂ ತರುತ್ತದೆ. ಅದು ಬ್ಯಾಕ್ಟೀರಿಯಾ, ಅದರ ಔಷಧಿ ಬೇರೆ. ಹಾಗಾಗಿ ಶೀರ್ಷಿಕೆಗೆ ‘ಉಣ್ಣಿ ಜ್ವರ’, ಒಳಗೆ ‘ರಕ್ತಕಣ ಒಡೆಯುವ ಉಣ್ಣಿ ಜ್ವರ (ಬಬೇಸಿಯಾ)’ ಎಂದು ಇಡಬೇಕೆಂದಿದ್ದೇನೆ. ‘ಉಣ್ಣೆ’ ಎಂದು ಬರೆದರೆ ಕಂಬಳಿಯ ಉಣ್ಣೆ ನೆನಪಾಗುತ್ತದೆ, ಅದಕ್ಕೇ ‘ಉಣ್ಣಿ’. ಔರಾದ ಕಡೆ ಮರಾಠಿ ಆಡುವ ಮನೆಗಳಿಗಾಗಿ ಒಮ್ಮೆ ‘ಗೋಚಿಡ’ ಎಂದೂ ಸೇರಿಸುತ್ತೇನೆ. ಚಿಗಟ ಬೇರೆ ಎಂದು ಒಂದು ಸಾಲು ಇರಲೇಬೇಕು.

ದನಕ್ಕೂ ಬೇರೆ ಜಾತಿಯ ಬಬೇಸಿಯಾ ಬಂದು ಉಚ್ಚೆ ಕೆಂಪಾಗುತ್ತದೆ. ಯಾದಗಿರಿ, ಕಲಬುರಗಿ ಕಡೆಯ ದನಗಾರರು ಅದಕ್ಕೆ ಏನಂತಾರೆ? ಆ ಹೆಸರು ನಾಯಿಗೂ ಹೊಂದುತ್ತದೆಯೇ? ಗೊತ್ತಿದ್ದವರು ಊರಿನ ಹೆಸರಿನೊಂದಿಗೆ ಬರೆಯಿರಿ.