ತಮ್ಮನನ್ನು ಐಟಿಐಗೆ ಕಳಿಸಲೋ, ಹೆಲ್ಪರ್ ಆಗಿಯೇ ಬಿಡಲೋ?

ಭೋಸರಿ ಅಕ್ಕ: ನಮ್ಮೂರು ವಿಜಯಪುರ ಕಡೆ. ಈಗ ಪುಣೆಯ ಭೋಸರಿಯಲ್ಲಿದ್ದೇವೆ. ತಮ್ಮ ಹತ್ತನೇ ಕ್ಲಾಸ್ ಪಾಸಾಗಿ ವೈರಿಂಗ್ ಕಾಂಟ್ರಾಕ್ಟರ್ ಹತ್ತಿರ ಹೆಲ್ಪರ್ ಆಗಿದ್ದಾನೆ. ಗೋಡೆ ಕೊರೆಯುವುದು, ಪೈಪ್ ಕೂರಿಸುವುದು, ವೈರ್ ಎಳೆಯುವುದು ಎಲ್ಲ ಬರುತ್ತೆ. ದಿನಗೂಲಿಯೂ ಸಿಗುತ್ತೆ. ಎಲೆಕ್ಟ್ರಿಷಿಯನ್ ಟ್ರೇಡ್ ಅಂದರೆ ಎರಡು ವರ್ಷ ಐಟಿಐ, ಆಮೇಲೆ ಅಪ್ರೆಂಟಿಸ್ ಬೇರೆ. ಅಷ್ಟು ದಿನ ಗಳಿಕೆ ಬಿಡುವುದು ಅಪ್ಪನಿಗೆ ಇಷ್ಟವಿಲ್ಲ. ಏನು ಮಾಡಲಿ?

ಚಾಕಣ್ ಮೇಂಟೆನೆನ್ಸ್: ಕಳಿಸಿ ಅಕ್ಕ. ನಾನು ಇಂಡಿ ಕಡೆಯವನು, ಔಂಧ್ ಐಟಿಐಯಲ್ಲಿ ಕಲಿತವನು. ಮನೆ ವೈರಿಂಗ್ ಬರುವುದು ಒಳ್ಳೆಯದೇ. ಆದರೆ ಮೋಟಾರ್ ಯಾಕೆ ಟ್ರಿಪ್ ಆಯ್ತು ಅಂತ ಹುಡುಕುವುದು ಗೋಡೆ ಕೊರೆದು ಬರಲ್ಲ. ಅಪ್ರೆಂಟಿಸ್ ಇದ್ದಾಗ ನಮ್ಮ ಸೀನಿಯರ್, ದೊಡ್ಡ ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಕಮ್ಮಿ ಕರೆಂಟಿನಿಂದ ಶುರು ಮಾಡಿ ಆಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನ ಕಂಟ್ರೋಲ್ ವೈರೆಲ್ಲ ಬಿಚ್ಚಿ ಮುಂದಿಡುತ್ತಿದ್ದರು. ಮೂರು ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಟ್ಟು ತೆಗೆಯುವ ಸ್ವಿಚ್), ಟೈಮರ್, ಲೋಡ್ ಜಾಸ್ತಿಯಾದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ. ಡ್ರಾಯಿಂಗ್ ನೋಡಿ ನಾನೇ ಜೋಡಿಸಬೇಕು. ಸ್ಟಾರ್, ಡೆಲ್ಟಾ ಎರಡೂ ಒಟ್ಟಿಗೆ ಹಿಡಿದರೆ ಶಾರ್ಟ್, ಮೊದಲು ಅದನ್ನು ತಡೆಯುವ ಇಂಟರ್‌ಲಾಕ್ ನೋಡೋ ಅನ್ನುತ್ತಿದ್ದರು. ಇನ್ನೊಂದು, ಲೈನ್ ಡೆಡ್ ಇದೆಯಾ ಅಂತ ನೋಡುವ ಮುಂಚೆ ಟೆಸ್ಟರನ್ನು ಕರೆಂಟ್ ಇರುವ ಕಡೆ ಹಚ್ಚಬೇಕು. ಆಮೇಲೆ ಲೈನ್. ಮತ್ತೆ ಕರೆಂಟ್ ಇರುವ ಕಡೆ. ಟೆಸ್ಟರ್ರೇ ಕೆಟ್ಟಿದ್ದರೆ ಪ್ರಾಣಕ್ಕೇ ಕುತ್ತು ಅಲ್ವಾ? ಇದನ್ನು ತಮ್ಮನಿಗೆ ಇವತ್ತೇ ಹೇಳಿ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಒಂದೇ ವರ್ಷ. ಸ್ಟೈಪೆಂಡ್ ಕಮ್ಮಿ, ನಿಜ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕೊಡಲೇಬೇಕು. ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಕರಾರು ದಾಖಲಾಗಿದೆಯಾ ನೋಡಿಕೊಳ್ಳಿ. ಅದಿಲ್ಲದೆ ಸುಮ್ನೆ ಅಪ್ರೆಂಟಿಸ್ ಅಂತ ದುಡಿಸಿಕೊಂಡರೆ ಕೊನೆಗೆ ಪರೀಕ್ಷೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಪಿಂಪ್ರಿ ಕಾಕಾ: ರೈಲ್ವೆ ಅಪ್ರೆಂಟಿಸ್‌ಗೂ ಅರ್ಜಿ ಹಾಕಿಸಮ್ಮ. ಹತ್ತನೇ ಕ್ಲಾಸ್, ಐಟಿಐ ಅಂಕ ನೋಡಿ ಆರಿಸುತ್ತಾರೆ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಎಲ್ಲಕ್ಕಿಂತ ಕೆಳಗಿನ ದರ್ಜೆ) ನೇಮಕಾತಿಯಲ್ಲಿ ನೂರಕ್ಕೆ 20 ಜಾಗ ಇಡುತ್ತಾರೆ. ಕೆಲಸ ಗ್ಯಾರಂಟಿ ಅಂತ ಅಪ್ಪನಿಗೆ ಹೇಳಬೇಡ, ಪರೀಕ್ಷೆ ಬರೆಯಲೇಬೇಕು. ಅದಕ್ಕೇ ಐಟಿಐಯಲ್ಲಿ ಅಂಕ ಜಾಸ್ತಿ ತೆಗೆಯಲಿ.

ಭೋಸರಿ ಅಕ್ಕ: ತುಂಬಾ ಉಪಕಾರ ಆಯ್ತು. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳುತ್ತೇನೆ. ಐಟಿಐಗೆ ಹೋಗುತ್ತಾ ಭಾನುವಾರ ಹೆಲ್ಪರ್ ಕೆಲಸ ಮಾಡಬಹುದಾ?

ಚಾಕಣ್ ಮೇಂಟೆನೆನ್ಸ್: ಮಾಡಲಿ ಅಕ್ಕ, ಕಲಿತ ಕೆಲಸ ಮರೆತುಹೋಗಲ್ಲ. ಆದರೆ ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸಲ್ಲ. ವಾರದ ದಿನ ಕಾಂಟ್ರಾಕ್ಟರ್ ಕರೆದರೂ ಹೋಗಬಾರದು.