ಸಭೆ, ಚರ್ಚು, ಇಗರ್ಜಿ: ಯಾವ್ದು ಹಾಕ್ಲಿ?

ಎಲ್ರಿಗೂ ನಮಸ್ಕಾರ. ಕ್ರೈಸ್ತಧರ್ಮಕ್ಕೂ ಡೆಮಾಕ್ರಸಿಗೂ ಇರೋ ನಂಟಿನ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದ್ದೀನಿ, ಒಂದು ಪದದ ಹತ್ರ ಸಿಕ್ಕಾಕೊಂಡಿದ್ದೀನಿ.

ಗ್ರೀಕಿನ ಎಕ್ಲೇಸಿಯ. ಅಥೆನ್ಸಲ್ಲಿ ಪೌರರು ಗುಡ್ಡದ ಮೇಲೆ ಸೇರಿ ಕೈ ಎತ್ತಿ ತೀರ್ಮಾನ ಮಾಡ್ತಿದ್ರಲ್ಲ, ಆ ಕೂಟದ ಹೆಸರು ಇದು (ಹೆಂಗಸ್ರಿಗೆ, ಗುಲಾಮರಿಗೆ ಅಲ್ಲಿ ಜಾಗ ಇರ್ಲಿಲ್ಲ, ಅದು ಬೇರೆ ಮಾತು). ಮೊದಲ ಕ್ರೈಸ್ತರು ತಮ್ಮ ಕೂಟಕ್ಕೂ ಇದೇ ಹೆಸರು ಇಟ್ಕೊಂಡ್ರು. ಕನ್ನಡ ಬೈಬಲಲ್ಲಿ ಇದಕ್ಕೆ 'ಸಭೆ' ಅಂತಿದೆ. ಚಿಕ್ಕವನಿದ್ದಾಗ ಪಕ್ಕದ್ಮನೆ ಆಂಟಿ "ಭಾನುವಾರ ಸಭೆ ಇದೆ ಕಣೋ" ಅಂದ್ರೆ ಪಂಚಾಯ್ತಿ ಮೀಟಿಂಗ್ ಅನ್ಕೊಳ್ತಿದ್ದೆ, ಈಗ ನೋಡಿದ್ರೆ ನಾನು ಅನ್ಕೊಂಡಿದ್ದು ಪೂರ್ತಿ ತಪ್ಪೇನಲ್ಲ!

ಚರ್ಚು ಅನ್ನೋದರ ಬೇರು ಬೇರೆ, 'ಒಡೆಯನಿಗೆ ಸೇರಿದ್ದು' ಅನ್ನೋ ಗ್ರೀಕ್ ಪದದಿಂದ ಬಂದಿದ್ದು. ಮಂಗಳೂರು ಕಡೆಯ ಇಗರ್ಜಿ ಮಾತ್ರ ಪೋರ್ಚುಗೀಸಿನ ಮೂಲಕ ಬಂದ ಅದೇ ಎಕ್ಲೇಸಿಯ. ಇದು ಬರೀ ಪದದ ಜಗಳ ಅಲ್ಲ, 1526ರಲ್ಲಿ ಬೈಬಲ್ ಅನುವಾದಕ ಟಿಂಡೇಲ್ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ ಚರ್ಚ್ ಬಿಟ್ಟು ಕಾಂಗ್ರಿಗೇಷನ್ (ಸೇರಿದ ಜನರ ಕೂಟ) ಅಂತ ಹಾಕಿದ್ದಕ್ಕೆ ಕ್ಯಾಥೊಲಿಕ್ ವಿದ್ವಾಂಸ ಥಾಮಸ್ ಮೋರ್ ಉರಿದುಬಿದ್ದ, ಆಮೇಲೆ ಇಂಗ್ಲೆಂಡಿನ ಜೇಮ್ಸ್ ರಾಜನ ಕಾಲದಲ್ಲಿ ಬೈಬಲ್ ಅನುವಾದಕರಿಗೆ ಕೊಟ್ಟ ನಿಯಮದಲ್ಲೇ ಚರ್ಚ್ ಅಂತಾನೇ ಇರ್ಬೇಕು ಅಂತ ಬರೆದಿಟ್ರು. ಬಿಷಪ್ ಇಲ್ದಿದ್ರೆ ರಾಜನೂ ಇಲ್ಲ ಅಂದಿದ್ದ ರಾಜನಿಗೆ ಜನ ತಾವೇ ಸೇರಿ ನಡೆಸೋ ಕೂಟ ಅಂದ್ರೆ ಹೆಂಗೆ ಹಿಡಿಸುತ್ತೆ.

ಈಗ ನನ್ನ ಕಷ್ಟ. 1631ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಬೇ ಅನ್ನೋ ಇಂಗ್ಲಿಷರ ಕಾಲನಿಯಲ್ಲಿ ಓಟಿನ ಹಕ್ಕನ್ನ ಚರ್ಚಿನ ಸದಸ್ಯರಿಗೆ ಮಾತ್ರ ಅಂತ ಮಾಡಿದ್ರು. ಇದನ್ನ "ಸಭೆಯ ಸದಸ್ಯರಿಗೆ ಮಾತ್ರ ಓಟು" ಅಂತ ಬರೆದ್ರೆ ಓದೋರು ವಿಧಾನಸಭೆ ಎಮ್ಮೆಲ್ಲೆಗಳು ಅನ್ಕೋತಾರೆ. "ಚರ್ಚಿನ ಸದಸ್ಯರು" ಅಂದ್ರೆ ಅರ್ಥ ಆಗುತ್ತೆ, ಆದ್ರೆ ಲೇಖನದ ತಿರುಳೇ ಹೋಯ್ತು, ಯಾಕಂದ್ರೆ ಆ ಜನ ತಮ್ಮ ಪಾದ್ರಿಯನ್ನ ತಾವೇ ಆರಿಸ್ಕೊಳ್ತಿದ್ದ ಪಂಗಡದವ್ರು. ಕ್ಯಾಥೊಲಿಕರ 'ಧರ್ಮಸಭೆ' ಹಾಕೋಣ ಅಂದ್ರೆ ಅದು ಪೋಪ್ ತಲೆಯಾಗಿರೋ ಇಡೀ ವ್ಯವಸ್ಥೆ, ಇಲ್ಲಿಗೆ ಪೂರ್ತಿ ಉಲ್ಟಾ.

ಇನ್ನೊಂದು, 'ಸಭಾಪಾಲಕ', ಅಂದ್ರೆ ಪಾದ್ರಿ. ವಿಧಾನ ಪರಿಷತ್ತಲ್ಲಿ ಸಭಾಪತಿ, ಚರ್ಚಲ್ಲಿ ಸಭಾಪಾಲಕ. ಈ 'ಪಾಲಕ' ಕುರಿ ಕಾಯೋನ ಅರ್ಥದಲ್ಲಿ ಬಂದಿದ್ದು, ಆದ್ರೆ ಓಟು ಹಾಕಿ ಆರಿಸಿದ ಪಾದ್ರಿಗೂ ಅದೇ ಪದ ಹಾಕೋದಕ್ಕೆ ನಂಗೆ ಮನಸ್ಸು ಬರ್ತಿಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್ ಪಂಗಡ) ಕಡೆಯವ್ರು ಯಾರಾದ್ರೂ ಇದ್ರೆ ಹೇಳಿ, ನಿಮ್ಮಲ್ಲಿ ಮಾತಾಡುವಾಗ ಕೂಟಕ್ಕೆ ಒಂದು, ಕಟ್ಟಡಕ್ಕೆ ಒಂದು ಅಂತ ಬೇರೆ ಬೇರೆ ಪದ ಬಳಸ್ತೀರಾ?