‘ಕಾಂಟ್ಯಾಕ್ಟ್ ನೆಟ್‌ವರ್ಕ್’ಗೆ ಕನ್ನಡದಲ್ಲಿ ಏನನ್ನೋಣ? ಸೋಮವಾರದೊಳಗೆ ಬೇಕು

ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ಅವಸರದ ಕೆಲಸ, ಕ್ಷಮಿಸಿ. ನಮ್ಮ ಕಾಲೇಜಿನ ವಿಜ್ಞಾನ ಮೇಳಕ್ಕೆ ಹುಡುಗರು ಒಂದು ಸಾಫ್ಟ್‌ವೇರ್ ಮಾಡಿದ್ದಾರೆ. ಊರಿನಲ್ಲಿ ಜ್ವರ ಹೇಗೆ ಹಬ್ಬುತ್ತದೆ ಅಂತ ಪರದೆ ಮೇಲೆ ತೋರಿಸುತ್ತದೆ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಚುಕ್ಕಿ. ಯಾರು ಯಾರ ಹತ್ತಿರ ಬರುತ್ತಾರೋ ಅವರಿಬ್ಬರ ನಡುವೆ ಒಂದು ಗೆರೆ. ರೋಗ ಗೆರೆಯ ಮೇಲಷ್ಟೇ ಹರಿಯುತ್ತದೆ. ಚುಕ್ಕಿಗೆ ನೋಡ್, ಗೆರೆಗೆ ಎಡ್ಜ್, ಒಬ್ಬರಿಗಿರುವ ಗೆರೆಗಳ ಲೆಕ್ಕಕ್ಕೆ ಡಿಗ್ರಿ, ಒಟ್ಟಿಗೆ ಕಾಂಟ್ಯಾಕ್ಟ್ ನೆಟ್‌ವರ್ಕ್ ಅನ್ನುತ್ತಾರೆ.

ನಾನು ‘ಸಂಪರ್ಕ ಜಾಲ’ ಅಂತ ಬರೆದುಕೊಟ್ಟೆ. ಫ್ಲೆಕ್ಸ್ ಅಂಗಡಿಯ ಹುಡುಗ ಓದಿ ‘ಏನ್ ಸರ್, ಯಾರನ್ನ ಹಿಡಿದ್ರು?’ ಅಂದ. ಅವನ ತಪ್ಪಲ್ಲ. ಪೇಪರಿನಲ್ಲಿ ಜಾಲ ಅಂದರೆ ಖೋಟಾನೋಟಿನ ಜಾಲ, ಬೆಟ್ಟಿಂಗ್ ಜಾಲ. ಹಿಂದೆಯೇ ‘ಪತ್ತೆ’ ಬರುತ್ತದೆ. ಎಡ್ಜ್‌ಗೆ ಡಿಕ್ಷನರಿ ನೋಡಿ ‘ಅಂಚು’ ಅಂತ ಹಾಕಿದ ಹುಡುಗಿಯನ್ನು ಅವಳ ಅಮ್ಮನೇ ‘ಇಳಕಲ್ ಸೀರೇದಾ?’ ಅಂತ ಕೇಳಿದರಂತೆ. ಸೋಮವಾರ ಬೆಳಿಗ್ಗೆ ಪ್ರಿಂಟ್. ದಯವಿಟ್ಟು ಹೇಳಿ.

ರಾಯಚೂರಿನಿಂದ:

ಮನೆಯಲ್ಲಿ ಪದ ಇಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೀರಿ. ‘ಸೋಂಕು’ ಅಂದರೆ ಮೊದಲ ಅರ್ಥ ತಾಗುವುದು. ಹಳಗನ್ನಡದಲ್ಲಿ ಗಾಳಿಯೂ ಸೋಂಕುತ್ತದೆ, ಕೈಯೂ ಸೋಂಕುತ್ತದೆ. ರೋಗದ ಅರ್ಥ ಆಮೇಲೆ ಅಂಟಿಕೊಂಡಿದ್ದು. ಇಂಗ್ಲಿಷಿನ ಕಾಂಟ್ಯಾಕ್ಟ್, ಕಾಂಟೇಜಿಯನ್ ಎರಡೂ ಲ್ಯಾಟಿನ್‌ನಲ್ಲಿ ‘ತಾಗು’ ಅನ್ನುವ ಒಂದೇ ಬೇರಿನಿಂದ ಬಂದವು. ಅವರಿಗೆ ಎರಡು ಪದ ಬೇಕಾಯಿತು, ನಮಗೆ ಒಂದೇ ಸಾಕು. ‘ಸೋಂಕುಬಲೆ’ ಅನ್ನಿ. ‘ಸೋಂಕುಜಾಲ’ ಅಂತ ಮಾತ್ರ ಬರೆಯಬೇಡಿ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ. ನೋಡ್‌ಗೆ ‘ಗಂಟು’. ಲ್ಯಾಟಿನ್‌ನಲ್ಲೂ ಅದು ಗಂಟೇ. ಚರ್ಚೆ ಮುಗಿಯಿತು.

ಬಳ್ಳಾರಿಯಿಂದ:

ಸರ್, ಪದ ಚೆನ್ನಾಗಿದೆ, ಆದರೆ ಒಂದು ತೊಡಕಿದೆ. ಗೆರೆ ಇದ್ದ ಕೂಡಲೇ ರೋಗ ದಾಟಿತು ಅಂತಲ್ಲ, ದಾಟಬಹುದು ಅಷ್ಟೆ. ಯಾರಿಂದ ಯಾರಿಗೆ ನಿಜವಾಗಿ ಬಂತು ಅನ್ನುವುದಕ್ಕೆ ಸಾಫ್ಟ್‌ವೇರ್‌ನಲ್ಲಿ ಬೇರೆಯೇ ಚಿತ್ರ ಇದೆ. ಅದು ವಂಶವೃಕ್ಷದ ಹಾಗೆ ಕವಲೊಡೆಯುತ್ತದೆ. ಸೋಂಕುಬಲೆ ಅಂದರೆ ನೋಡುವವರು ಎಲ್ಲ ಚುಕ್ಕಿಗೂ ಜ್ವರ ಬಂದಿದೆ ಅಂದುಕೊಳ್ಳುತ್ತಾರೆ. ಇನ್ನು ಜೀವಂತ ಮನುಷ್ಯನನ್ನು ‘ಗಂಟು’ ಅಂದರೆ ನಮ್ಮ ಹುಡುಗರು ನಗುತ್ತಾರೆ.

ರಾಯಚೂರಿನಿಂದ:

ಓದುವವರಿಗೆ ಅರ್ಥ ಮರೆತಿದೆ ಅಂತ ಪದ ಬಿಡುವುದಾದರೆ ನಾಳೆ ಭಾಷೆಯನ್ನೇ ಬಿಡಬೇಕಾಗುತ್ತದೆ.

ಕೊಪ್ಪಳದಿಂದ:

‘ಅಂಟು ನಂಟು’ ಅಂತ ಜೋಡುಪದ ಇದೆಯಲ್ಲ, ಯಾರಿಗೂ ನೆನಪಾಗಲಿಲ್ವಾ? ರೋಗ ಅಂಟು, ಗೆರೆ ನಂಟು. ಹಾಗಾಗಿ ‘ನಂಟುಬಲೆ’. ಡಿಗ್ರಿಗೆ ‘ನಂಟೆಣಿಕೆ’. ಅರಿಸಮಾಸದ ಮಾತು ಎತ್ತಿದ ಹಿರಿಯರಿಗೆ ಒಂದು ಪ್ರಶ್ನೆ. ‘ಅಂಟುರೋಗ’ವನ್ನು ಏನು ಮಾಡೋಣ? ಅದೂ ಅರಿಸಮಾಸವೇ. ಗೋಡೆಗೋಡೆಯ ಮೇಲೂ ಇದೆ.

ಸಿಂಧನೂರಿನಿಂದ:

ಹುಣ್ಣಿಮೆಗೆ ಹುಲಿಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವಳು ನನಗೆ ನಂಟಳೇನು? ಅವಳ ಹೆಸರೂ ಗೊತ್ತಿಲ್ಲ. ಕೆಮ್ಮು ಮಾತ್ರ ಗೊತ್ತು.

ನಾನು ಆರೋಗ್ಯ ಇಲಾಖೆಯ ಕೆಲಸದವಳು. 2020ರಲ್ಲಿ ಮನೆಮನೆ ತಿರುಗಿದ್ದೇನೆ. ಫಾರಂನಲ್ಲಿ ‘ಪ್ರಾಥಮಿಕ ಸಂಪರ್ಕ, ದ್ವಿತೀಯ ಸಂಪರ್ಕ’ ಅಂತ ಇತ್ತು. ‘ನಿಮ್ಮ ಸಂಪರ್ಕ ಯಾರ್ಯಾರು?’ ಅಂದರೆ ಜನ ಫೋನ್ ನಂಬರ್ ಹೇಳುತ್ತಿದ್ದರು. ‘ಯಾರನ್ನ ಮುಟ್ಟಿದ್ರಿ’ ಅಂತ ಕೇಳುವ ಹಾಗೇ ಇಲ್ಲ. ಮುಟ್ಟು, ಮೈಲಿಗೆ, ಕೇರಿ ಎಲ್ಲ ಎದ್ದು ಬರುತ್ತವೆ. ಕೊನೆಗೆ ‘ಯಾರ ಜೋಡಿ ಕೂತಿದ್ರಿ, ಯಾರ ಜೋಡಿ ಉಂಡ್ರಿ’ ಅಂತ ಕೇಳಿದೆ. ಆಗ ಪಟ್ಟಿ ಬಂತು. ಬರೆಯುವಾಗ ನಾನು ‘ಒಡನಾಟ’ ಅಂತ ಬರೆದುಕೊಳ್ಳುತ್ತಿದ್ದೆ.

ಗಂಗಾವತಿಯಿಂದ:

ಅಂಚು ಅಂದವಳನ್ನು ನಗಬೇಡಿ. ಪೆಟ್ಟಿಗೆಗೆ 8 ಮೂಲೆ, 12 ಅಂಚು. ಎಡ್ಜ್ ಅನ್ನುವ ಮಾತು ಗಣಿತದಲ್ಲಿ ಅಲ್ಲಿಂದಲೇ ಬಂದಿದ್ದು. ಆದರೆ ಫ್ಲೆಕ್ಸಿಗೆ ಗೆರೆ ಸಾಕು.

ನನ್ನ ತಕರಾರು ‘ಬಲೆ’ಯ ಮೇಲೆ. ತುಂಗಭದ್ರೆಯಲ್ಲಿ ಮೀನು ಹಿಡಿಯುವ ಬಲೆ ನೋಡಿದ್ದೀರಲ್ಲ? ನಡುವಿನ ಯಾವ ಗಂಟು ಹಿಡಿದರೂ ನಾಲ್ಕು ಎಳೆ. ಎಲ್ಲ ಒಂದೇ ಸಮ. ಜನರ ನಡುವಿನ ಗೆರೆಗಳು ಹಾಗಿರುವುದಿಲ್ಲ. ಮನೆ ಬಿಟ್ಟು ಏಳದ ಮುದುಕಿಗೆ ಮೂರು ಗೆರೆ, ಬಸ್ ಕಂಡಕ್ಟರನಿಗೆ ಮುನ್ನೂರು. ರೋಗ ಎತ್ತ ಓಡುತ್ತದೆ ಅನ್ನುವುದು ಈ ಏರುಪೇರಿನ ಮೇಲೇ ನಿಂತಿದೆ. ರೋಗ ಹಬ್ಬುವ ಲೆಕ್ಕಕ್ಕೆ 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಬರೆದ ಸಮೀಕರಣದಲ್ಲಿ ಗೆರೆಗಳೇ ಇಲ್ಲ. ಊರೆಲ್ಲ ಚೆನ್ನಾಗಿ ಕಲಸಿದ ಮಂಡಕ್ಕಿ ಒಗ್ಗರಣೆ ಇದ್ದ ಹಾಗೆ, ಯಾರಿಗೆ ಯಾರು ಬೇಕಾದರೂ ಸಿಗಬಹುದು. ಗೆರೆ ಎಳೆಯುವುದೇ ಹಾಗಲ್ಲ ಅಂತ ತೋರಿಸಲಿಕ್ಕೆ. ಸಮನಾದ ಬಲೆಯ ಹೆಸರಿಟ್ಟರೆ ಆ ಮಾತೇ ಹೋಯಿತು.

ಹುಡುಗರಿಗೆ ಇನ್ನೊಂದು. 10,000 ಜನರ ಊರಿಗೆ ಎಲ್ಲರೆದುರು ಎಲ್ಲರ ಕೋಷ್ಟಕ ಹಾಕಬೇಡಿ, 10 ಕೋಟಿ ಚೌಕ ಆಗುತ್ತದೆ. ತಲೆಗೆ 12 ಗೆರೆ ಅಂದರೂ, ಒಂದು ಗೆರೆ ಇಬ್ಬರಿಗೂ ಸೇರಿದ್ದು, ಗೆರೆಗಳು 60,000 ಮಾತ್ರ. ಗೆರೆಗಳ ಪಟ್ಟಿ ಮಾಡಿ. ಈ ಕಡೆಯವರು, ಆ ಕಡೆಯವರು, ಎಷ್ಟು ಸುಲಭಕ್ಕೆ ದಾಟುತ್ತದೆ, ಮೂರೇ ಅಂಕಣ. ಕೋವಿಡ್ ಹಬ್ಬುವುದನ್ನು ಲೆಕ್ಕ ಹಾಕಲಿಕ್ಕೆ 2020ರಲ್ಲಿ ಬಂದ ಕೋವಾಸಿಮ್ ಅನ್ನುವ ಸಾಫ್ಟ್‌ವೇರ್ ಕೂಡ ಹೀಗೇ ಇಡುತ್ತದೆ. ಮನೆ, ಶಾಲೆ, ಕೆಲಸ, ಊರು ಅಂತ ಬೇರೆ ಬೇರೆ ಪದರ. ಶಾಲೆ ಮುಚ್ಚಿದರೆ ಆ ಪದರದ ಗೆರೆ ಮಾತ್ರ ಆರುತ್ತವೆ.

ರಾಯಚೂರಿನಿಂದ:

ಮೇಷ್ಟ್ರು ಕೋಷ್ಟಕ ನೋಡಿಕೊಳ್ಳಲಿ. ಬಲೆ ಕನ್ನಡ, ಜಾಲ ಸಂಸ್ಕೃತ. ಅಷ್ಟೇ ವಿಷಯ.

ಸಿಂಧನೂರಿನಿಂದ:

‘ಮೇಷ್ಟ್ರು’ ಯಾವ ಊರಿನ ಪದ ಸರ್? ಮಾಸ್ಟರ್ ತಾನೆ? ನಮ್ಮ ಕಡೆ ದವಾಖಾನಿ, ಜಮೀನು, ಕಚೇರಿ ಇಲ್ಲದೆ ಒಂದು ದಿನ ಕಳೆಯಲಿ ನೋಡೋಣ. ಮಸ್ಕಿಯ ಬಂಡೆ ಮೇಲೆ ಅಶೋಕ ಬರೆಸಿದ್ದು ಪ್ರಾಕೃತದಲ್ಲಿ. ಹೊರಗಿನ ಮಾತು ಈ ನೆಲಕ್ಕೆ ಹೊಸದಲ್ಲ.

ರಾಯಚೂರಿನಿಂದ:

ಅಶೋಕ ಆಳುವವನು, ಅವನ ಮಾತಿನಲ್ಲಿ ಬರೆಸಿದ. ನಾವು ಯಾಕೆ ಅವನ ಗುಮಾಸ್ತರಾಗಬೇಕು?

ಕೊಪ್ಪಳದಿಂದ:

‘ಗುಮಾಸ್ತ’ ಪಾರಸಿ ಸರ್. ಸುಮ್ನೆ ಹೇಳಿದೆ.

ಬಳ್ಳಾರಿಯಿಂದ:

ಎಲ್ಲರಿಗೂ ಧನ್ಯವಾದ. ಹೀಗೆ ಮಾಡಿದ್ದೇನೆ. ಮೇಲೆ ದೊಡ್ಡದಾಗಿ ‘ಯಾರ ಜೋಡಿ ಯಾರು?’, ಕೆಳಗೆ ‘ಒಡನಾಟದ ಜಾಲ’. ‘ದ’ ಇರುವುದರಿಂದ ಸಮಾಸವೇ ಇಲ್ಲ, ಅರಿಸಮಾಸದ ಗೊಡವೆಯೂ ಇಲ್ಲ. ಒಡನಾಟ ಮುಂದೆ ಬಂದರೆ ಪೊಲೀಸರೂ ಹಿಂದೆ ಸರಿಯುತ್ತಾರೆ. ಫ್ಲೆಕ್ಸ್ ಹುಡುಗನಿಗೆ ಓದಿಸಿ ನೋಡಿದೆ, ಈ ಸಲ ಏನೂ ಕೇಳಲಿಲ್ಲ. ಪರದೆ ಮೇಲೆ ‘ಮಂದಿ’, ‘ಗೆರೆ’, ‘ಗೆರೆಯೆಣಿಕೆ’. ನಿಜವಾಗಿ ದಾಟಿದ ದಾರಿಗೆ ‘ಸೋಂಕಿನ ಮರ’. ರಾಯಚೂರಿನ ಸರ್ ಕೊಟ್ಟ ಸೋಂಕು ಅಲ್ಲಿ ಸರಿಯಾಗಿ ಕೂತಿತು. ಕೋಡಿನ ಒಳಗೆ ನೋಡ್, ಎಡ್ಜ್ ಹಾಗೇ ಬಿಟ್ಟಿದ್ದೇವೆ.

ರಾಯಚೂರಿನಿಂದ:

‘ಜೋಡಿ’ ಕನ್ನಡವಲ್ಲ. ‘ಯಾರೊಡನೆ ಯಾರು’ ಅನ್ನಿ. ತಿದ್ದಿ.

ಬಳ್ಳಾರಿಯಿಂದ:

ಪ್ರಿಂಟ್ ಆಗಿದೆ ಸರ್.